ಇಲಿಯ ವೈರಸ್, ಮನುಷ್ಯನ ಕ್ಯಾನ್ಸರ್: ನಡುವಿನ ದಾರಿಯನ್ನೂ ವರದಿ ಮಾಡಿ

ಮಾನ್ಯ ಸಂಪಾದಕರೇ,

ಪ್ರಯೋಗಾಲಯದ ಇಲಿಗಳಲ್ಲಿ ವೈರಸ್ಸೊಂದು ಗೆಡ್ಡೆ ಹುಟ್ಟಿಸಿದ ಸುದ್ದಿಯನ್ನು ತಮ್ಮ ಪತ್ರಿಕೆ ಇತ್ತೀಚೆಗೆ ‘ಕ್ಯಾನ್ಸರ್‌ಗೆ ವೈರಸ್ ಕಾರಣ: ಸಂಶೋಧನೆಯಿಂದ ದೃಢ’ ಎಂಬ ತಲೆಬರಹದಡಿ ಪ್ರಕಟಿಸಿತ್ತು. ಅದಾದ ಮೂರೇ ದಿನಕ್ಕೆ ಓದುಗರೊಬ್ಬರು, ಇಲಿಗೆ ಆದದ್ದು ಮನುಷ್ಯನಿಗೂ ಆಗಬೇಕೆಂದೇನಿಲ್ಲ, ಆದ್ದರಿಂದ ಇಂಥ ಪ್ರಯೋಗಗಳೆಲ್ಲ ಬರಿಯ ಪ್ರಾಣಿಹಿಂಸೆ ಎಂದು ಇದೇ ಅಂಕಣಕ್ಕೆ ಬರೆದರು. ಪಶುವೈದ್ಯಕೀಯ ರೋಗಶಾಸ್ತ್ರವನ್ನು ಕಲಿಸಿ ನಿವೃತ್ತನಾದ ನನಗೆ ತಲೆಬರಹವೂ ಒಪ್ಪಿಗೆಯಾಗಲಿಲ್ಲ, ಅದಕ್ಕೆ ಬಂದ ಉತ್ತರವೂ ಒಪ್ಪಿಗೆಯಾಗಲಿಲ್ಲ. ಠಾಣೆಯಲ್ಲಿ ದಾಖಲಾದ ದೂರಿಗೂ ನ್ಯಾಯಾಲಯದ ತೀರ್ಪಿಗೂ ಎಷ್ಟು ದೂರವೋ, ಇಲಿಯ ಗೆಡ್ಡೆಗೂ ಮನುಷ್ಯನ ಕ್ಯಾನ್ಸರಿಗೂ ಅಷ್ಟು ದೂರವಿದೆ. ದೂರನ್ನೇ ತೀರ್ಪೆಂದು ಸಾರುವುದು ಒಂದು ತಪ್ಪು. ದೂರು ತೀರ್ಪಲ್ಲವಾದ್ದರಿಂದ ಅದನ್ನು ಹರಿದು ಬಿಸಾಡಿ ಎನ್ನುವುದು ಇನ್ನೊಂದು ತಪ್ಪು. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಈ ವಿಚಾರಣೆ ಹೇಗೆ ನಡೆದಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಪತ್ರ ದೀರ್ಘವಾದರೆ ಕ್ಷಮೆಯಿರಲಿ.

ಕಥೆ ಆರಂಭವಾಗುವುದು ಕೋಳಿಗಳಿಂದ. 1908ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಲ್ಹೆಲ್ಮ್ ಎಲರ್ಮನ್ ಮತ್ತು ಓಲುಫ್ ಬಾಂಗ್ ಎಂಬಿಬ್ಬರು ಲ್ಯುಕೇಮಿಯಾ (ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವ ರೋಗ) ಬಂದ ಕೋಳಿಯ ಅಂಗಾಂಶವನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟಲಾರದಷ್ಟು ಸಣ್ಣ ರಂಧ್ರಗಳ ಫಿಲ್ಟರಿನಲ್ಲಿ ಸೋಸಿ, ಆ ದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿ ಅದೇ ರೋಗವನ್ನು ಬರಿಸಿದರು. ಲ್ಯುಕೇಮಿಯಾವನ್ನು ಆಗ ಕ್ಯಾನ್ಸರ್ ಎಂದು ಗಣಿಸುತ್ತಿರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ಮರುವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಪೇಟನ್ ರೌಸ್ ಅವರ ಬಳಿಗೆ ಎದೆಯ ಮೇಲೆ ದೊಡ್ಡ ಗೆಡ್ಡೆಯಿದ್ದ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದು ಬಂತು. ರೌಸ್ ಮೊದಲು ಗೆಡ್ಡೆಯ ಚೂರನ್ನು ಅದೇ ತಳಿಯ ಇತರ ಕೋಳಿಗಳಿಗೆ ನಾಟಿ ಬೆಳೆಸಿದರು. ಆಮೇಲೆ ಸೋಸಿದ ದ್ರವವೊಂದೇ ಸಾಕು, ಜೀವಕೋಶ ಬೇಕಿಲ್ಲ ಎಂಬುದನ್ನು 1911ರಲ್ಲಿ ಪ್ರಕಟಿಸಿದರು. ಫಿಲ್ಟರ್ ಸೋರಿರಬೇಕು ಎಂದರು ಕೆಲವರು, ಅದು ನಿಜವಾದ ಕ್ಯಾನ್ಸರೇ ಅಲ್ಲ ಎಂದರು ಮತ್ತೆ ಕೆಲವರು, ಕೋಳಿಗೆ ಬಂದದ್ದಕ್ಕೂ ಸಸ್ತನಿಗಳಿಗೂ ಏನು ಸಂಬಂಧ ಎಂದರು ಉಳಿದವರು. ಇಲಿಗಳ ಗೆಡ್ಡೆಗಳಲ್ಲಿ ಇಂಥದೇ ಕಾರಕವನ್ನು ಹುಡುಕಿ ಸಿಗದೆ ಹೋದಾಗ ರೌಸ್ ತಾವೇ ಆ ಕ್ಷೇತ್ರವನ್ನು ಬಿಟ್ಟು ರಕ್ತವನ್ನು ಕೆಡದಂತೆ ಕಾಪಿಡುವ ವಿಧಾನಗಳತ್ತ ಹೊರಳಿದರು. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, 87ನೆಯ ವಯಸ್ಸಿನಲ್ಲಿ.

ರೌಸ್ ಅವರನ್ನು ನಂಬದವರನ್ನು ಮೂರ್ಖರೆಂದು ಚಿತ್ರಿಸುವ ರೂಢಿಯಿದೆ, ನನಗೆ ಅದು ಸರಿಕಾಣುವುದಿಲ್ಲ. ನಂಬಿ ಕೆಟ್ಟ ಉದಾಹರಣೆಯೂ ಅದೇ ಕಾಲದಲ್ಲಿದೆ. ಜಿರಲೆಯ ಮೂಲಕ ಇಲಿಯ ಹೊಟ್ಟೆ ಸೇರುವ ಹುಳುವೊಂದು ಕ್ಯಾನ್ಸರ್ ತರುತ್ತದೆಂದು ತೋರಿಸಿದ ಡೆನ್ಮಾರ್ಕಿನ ಯೋಹಾನ್ನೆಸ್ ಫಿಬಿಗರ್ ಅವರಿಗೆ 1926ರ ನೊಬೆಲ್ ಬಹುಮಾನವನ್ನೇ ಕೊಡಲಾಯಿತು. ಆ ಇಲಿಗಳ ಜಠರದಲ್ಲಿ ಕಂಡದ್ದು ಮುಖ್ಯವಾಗಿ ‘ಎ’ ಜೀವಸತ್ವದ ಕೊರತೆಯ ಫಲ, ಹುಳು ಕ್ಯಾನ್ಸರಿನ ಕಾರಣವಲ್ಲ ಎಂಬುದು ಆಮೇಲೆ ತಿಳಿಯಿತು. ಅಂದರೆ ಸಂಶಯ ಪಟ್ಟವರು ಒಂದು ಕಡೆ ತಪ್ಪಿದರು, ಪಡದವರು ಇನ್ನೊಂದು ಕಡೆ ತಪ್ಪಿದರು. ಪ್ರಾಣಿಪ್ರಯೋಗವೊಂದೇ ಕೈಯಲ್ಲಿದ್ದಾಗ ಎರಡನ್ನೂ ಬೇರ್ಪಡಿಸುವ ಉಪಾಯ ಯಾರಿಗೂ ಇರಲಿಲ್ಲ.

ರೌಸ್ ಅವರನ್ನು ಮತ್ತೆ ಈ ಹಾದಿಗೆ ಕರೆತಂದದ್ದು ಮೊಲದ ನರಹುಲಿ. ಅಮೆರಿಕದ ಕಾಡುಮೊಲಗಳ ಚರ್ಮದ ಮೇಲೆ ಕೊಂಬಿನಂತೆ ಬೆಳೆಯುವ ನರಹುಲಿಗಳನ್ನು ರಿಚರ್ಡ್ ಶೋಪ್ ಅರೆದು ಸೋಸಿ, ಆ ದ್ರವವನ್ನು ಗೀರಿದ ಚರ್ಮಕ್ಕೆ ಸವರಿ, ಅದರ ಹಿಂದೆ ವೈರಸ್ ಇದೆಯೆಂದು 1933ರಲ್ಲಿ ತೋರಿಸಿದರು. ಮುಂದಿನ ಕೆಲಸವನ್ನು ಅವರು ಸ್ನೇಹಿತ ರೌಸ್ ಅವರಿಗೆ ಒಪ್ಪಿಸಿದರು. ಈ ವೈರಸ್ಸಿನಿಂದ ಎದ್ದ ನರಹುಲಿಗಳು, ವಿಶೇಷವಾಗಿ ಸಾಕುಮೊಲಗಳಲ್ಲಿ, ತಿಂಗಳುಗಳು ಕಳೆದಂತೆ ಅಪ್ಪಟ ಕ್ಯಾನ್ಸರುಗಳಾಗಿ ಮಾರ್ಪಡುತ್ತಿದ್ದವು. ಆದರೆ ಈ ಪ್ರಯೋಗದಲ್ಲಿ ಒಂದು ಒಗಟಿತ್ತು, ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಫಲವತ್ತಾದ ಒಗಟು ಇನ್ನೊಂದಿಲ್ಲ: ಕಾಡುಮೊಲದ ನರಹುಲಿಯಿಂದ ವೈರಸ್ಸನ್ನು ಸುಲಭವಾಗಿ ಮರಳಿ ಪಡೆಯಬಹುದಿತ್ತು, ಸಾಕುಮೊಲದ ಗೆಡ್ಡೆಯಿಂದ ಹೆಚ್ಚಿನ ಸಲ ಪಡೆಯಲಾಗುತ್ತಿರಲಿಲ್ಲ. ಸೋಂಕುರೋಗದ ಹಳೆಯ ನಿಯಮದ ಪ್ರಕಾರ, ರೋಗವಿರುವಲ್ಲಿ ರೋಗಾಣು ಸಿಗಬೇಕು. ಇಲ್ಲಿ ರೋಗ ಉಲ್ಬಣಿಸಿದೆ, ರೋಗಾಣು ಮಾಯವಾಗಿದೆ. ವೈರಸ್ ಪೂರ್ಣರೂಪದಲ್ಲಿ ಇರದಿದ್ದರೂ ಅದರ ಜೀನಿನ ತುಣುಕು ಜೀವಕೋಶದೊಳಗೆ ಉಳಿದು ಕೆಲಸ ಮಾಡುತ್ತಿರಬಹುದೆಂಬ ವಿವರಣೆಗೆ ದಶಕಗಳೇ ಬೇಕಾದವು. ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿ ನಡೆದದ್ದು ಇದೇ. ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ ಅವರ ತಂಡ 1983 ಮತ್ತು 1984ರಲ್ಲಿ ಮೊಲದ ಆ ನರಹುಲಿ ವೈರಸ್ಸಿನ ಕುಲಕ್ಕೇ ಸೇರಿದ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಆ ಕ್ಯಾನ್ಸರಿನಲ್ಲಿ ಪತ್ತೆಹಚ್ಚಿದ್ದು ಇಡೀ ವೈರಸ್ಸನ್ನು ಹುಡುಕಿ ಅಲ್ಲ, ಗೆಡ್ಡೆಯೊಳಗೆ ಉಳಿದಿದ್ದ ಅದರ ಡಿಎನ್‌ಎಯನ್ನು ಹುಡುಕಿ.

ಇಲ್ಲಿ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮನುಷ್ಯನ ಪ್ಯಾಪಿಲೋಮಾ ವೈರಸ್ ಇಲಿಗಾಗಲಿ ಮೊಲಕ್ಕಾಗಲಿ ಸೋಂಕು ತಗಲಿಸುವುದಿಲ್ಲ. ಹೀಗಾಗಿ ಅದರ ಅಪರಾಧ ಸಾಬೀತಾದದ್ದು ಮನುಷ್ಯರ ಅಂಗಾಂಶದಿಂದ, ಜನಸಮುದಾಯಗಳ ದೀರ್ಘ ಅಧ್ಯಯನಗಳಿಂದ. ಪ್ರಾಣಿಗಳು ಪುನಃ ರಂಗಕ್ಕೆ ಬಂದದ್ದು ಲಸಿಕೆಯ ಹಂತದಲ್ಲಿ: ವೈರಸ್ಸಿನ ಹೊರಕವಚದ ಪ್ರೋಟೀನಿನಿಂದ ಕಟ್ಟಿದ ಟೊಳ್ಳು ಕಣಗಳು ನಾಯಿಗಳನ್ನು ಅವುಗಳದೇ ಬಾಯಿಯ ನರಹುಲಿಯ ವೈರಸ್ಸಿನಿಂದ ಕಾಪಾಡುತ್ತವೆಯೇ, ಮೊಲಗಳನ್ನು ಕಾಪಾಡುತ್ತವೆಯೇ ಎಂಬುದನ್ನು ನೋಡಿದ ಮೇಲೆ ಮನುಷ್ಯರ ಸರದಿ ಬಂತು. 2006ರಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಸ್ವೀಡನ್ನಿನಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಿತ್ತು.

ಈಗ ತಲೆಬರಹದ ವಿಷಯಕ್ಕೆ ಬರುತ್ತೇನೆ. ‘ದೃಢ’ ಎಂಬ ಪದವನ್ನು ಹಿಂದೆಯೂ ಹೀಗೆಯೇ ಬಳಸಬಹುದಿತ್ತು, ಬಳಸಿದ್ದರೆ ಮುಜುಗರವಾಗುತ್ತಿತ್ತು ಎಂಬುದಕ್ಕೆ ಮೂರು ಪ್ರಸಂಗಗಳನ್ನು ನೆನಪಿಸುತ್ತೇನೆ.

ಮಕ್ಕಳಲ್ಲಿ ನೆಗಡಿ, ಭೇದಿಗಳನ್ನು ತರುವ ಅಡಿನೋವೈರಸ್ಸುಗಳ ಪೈಕಿ 12ನೆಯ ಬಗೆಯನ್ನು ಆಗತಾನೆ ಹುಟ್ಟಿದ ಹ್ಯಾಮ್‌ಸ್ಟರ್ (ಇಲಿಯಂಥ ಸಣ್ಣ ಪ್ರಾಣಿ) ಮರಿಗಳಿಗೆ ಚುಚ್ಚಿದರೆ ಗೆಡ್ಡೆಗಳು ಹುಟ್ಟುತ್ತವೆಂದು ಜಾನ್ ಟ್ರೆಂಟಿನ್ ಮತ್ತು ಸಂಗಡಿಗರು 1962ರಲ್ಲಿ ಕಂಡರು. ಮನುಷ್ಯರಲ್ಲಿ ಎಲ್ಲೆಲ್ಲೂ ಇರುವ ವೈರಸ್ಸೊಂದು ಪ್ರಾಣಿಯಲ್ಲಿ ಕ್ಯಾನ್ಸರ್ ತರುತ್ತದೆಂದು ತೋರಿದ ಮೊದಲ ಪ್ರಸಂಗ ಇದು. ಸಹಜವಾಗಿಯೇ ಮನುಷ್ಯರ ಗೆಡ್ಡೆಗಳಲ್ಲಿ ಅದರ ಗುರುತಿಗಾಗಿ ವ್ಯಾಪಕ ಹುಡುಕಾಟ ನಡೆಯಿತು, ಅಡಿನೋವೈರಸ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆನ್ನಲು ಆಧಾರ ಸಿಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತನಗೆ ಒಗ್ಗಿದ ಆಶ್ರಯಜೀವಿಯಲ್ಲಿ ಈ ವೈರಸ್ ಹೊಕ್ಕ ಜೀವಕೋಶವನ್ನು ಕೊಂದು ಹೊರಬರುತ್ತದೆ. ಒಗ್ಗದ ಹ್ಯಾಮ್‌ಸ್ಟರಿನಲ್ಲಿ ಅದು ತನ್ನ ಜೀವನಚಕ್ರವನ್ನು ಮುಗಿಸಲಾರದೆ ಅರ್ಧದಲ್ಲಿ ನಿಲ್ಲುತ್ತದೆ, ಜೀವಕೋಶ ಸಾಯದೆ ಉಳಿದು ಕೆಡುತ್ತದೆ. ಜೊತೆಗೆ ಹಸುಗೂಸಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಇಲಿಯ ಲ್ಯುಕೇಮಿಯಾ ವೈರಸ್ಸನ್ನು 1951ರಲ್ಲಿ ತೋರಿಸಿದ ಲುಡ್ವಿಕ್ ಗ್ರಾಸ್ ಅವರಿಗೆ ಯಶಸ್ಸು ದೊರೆತದ್ದೂ ಬೆಳೆದ ಇಲಿಗಳನ್ನು ಬಿಟ್ಟು, ಹುಟ್ಟಿ ಒಂದು ದಿನವೂ ಆಗದ ಮರಿಗಳನ್ನು ಆರಿಸಿಕೊಂಡ ಮೇಲೆಯೇ. ಪ್ರಯೋಗಕ್ಕೆ ಈ ಆಯ್ಕೆ ಅಗತ್ಯ. ಆದರೆ ‘ಹುಟ್ಟಿದ ದಿನವೇ ಚುಚ್ಚಲಾಗಿತ್ತು’ ಎಂಬ ಅರ್ಧ ವಾಕ್ಯವನ್ನು ವರದಿಯಲ್ಲಿ ಬಿಟ್ಟರೆ ಅರ್ಥವೇ ಬದಲಾಗುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ಪೋಲಿಯೊ ಲಸಿಕೆಯನ್ನು ತಯಾರಿಸಲು ಕೋತಿಗಳ ಮೂತ್ರಪಿಂಡದ ಜೀವಕೋಶಗಳನ್ನು ಬಳಸುತ್ತಿದ್ದರು. ಅಮೆರಿಕದ ಸರ್ಕಾರಿ ವಿಜ್ಞಾನಿ ಬರ್ನಿಸ್ ಎಡ್ಡಿ ಆ ಜೀವಕೋಶಗಳ ಸಾರ ಹ್ಯಾಮ್‌ಸ್ಟರುಗಳಲ್ಲಿ ಗೆಡ್ಡೆ ತರುವುದನ್ನು ಕಂಡರು. ಅದರಲ್ಲಿದ್ದದ್ದು ಎಸ್‌ವಿ40 ಎಂಬ ಕೋತಿಯ ವೈರಸ್ ಎಂಬುದು ಸ್ಪಷ್ಟವಾಗುವಷ್ಟರಲ್ಲಿ, 1955ರಿಂದ 1963ರವರೆಗಿನ ಲಸಿಕೆಯ ಮೂಲಕ ಕೋಟಿಗಟ್ಟಲೆ ಜನರ ಮೈಗೆ ಅದು ಸೇರಿದ್ದಿರಬಹುದಾಗಿತ್ತು. ಎಡ್ಡಿ ಅವರ ಎಚ್ಚರಿಕೆಗೆ ಮೇಲಧಿಕಾರಿಗಳಿಂದ ಸಿಕ್ಕಿದ್ದು ಸ್ವಾಗತವಲ್ಲ. ಆಕೆ ಹೇಳಿದ್ದು ಸರಿಯಾಗಿತ್ತು, ಲಸಿಕೆಯನ್ನು ಶುದ್ಧಗೊಳಿಸಿದ್ದೂ ಸರಿಯಾಗಿತ್ತು. ಆದರೂ ದಶಕಗಳ ಕಾಲ ಆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಕ್ಯಾನ್ಸರ್ ಹೆಚ್ಚಿದ ಸ್ಪಷ್ಟ ಸಾಕ್ಷ್ಯ ಕಾಣಲಿಲ್ಲ. ಎಚ್ಚರ ವಹಿಸಲು ಪ್ರಾಣಿಪ್ರಯೋಗ ಸಾಕು, ಅಪರಾಧ ಹೊರಿಸಲು ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಇದೇ ಎಸ್‌ವಿ40 ಹೊಕ್ಕ ಜೀವಕೋಶಗಳಲ್ಲಿ 1979ರಲ್ಲಿ ಪಿ53 ಎಂಬ ಪ್ರೋಟೀನು ಸಿಕ್ಕಿತು. ಮನುಷ್ಯರ ಕ್ಯಾನ್ಸರುಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವ ಜೀನ್ ಅದರದೇ. ರೌಸ್ ಅವರ ಕೋಳಿ ವೈರಸ್ಸಿನ ಕಥೆಯೂ ಹೀಗೆಯೇ: ಅದು ಮನುಷ್ಯನಿಗೆ ಕ್ಯಾನ್ಸರ್ ತರುವುದಿಲ್ಲ, ಆದರೆ ಅದು ಹೊತ್ತಿದ್ದ ಕ್ಯಾನ್ಸರಿನ ಜೀನ್ ಮೂಲತಃ ಕೋಳಿಯ ಜೀವಕೋಶದ್ದೇ ಎಂದು ಅಮೆರಿಕದ ವಿಜ್ಞಾನಿಗಳಾದ ಬಿಷಪ್ ಮತ್ತು ವಾರ್ಮಸ್ ಅವರ ತಂಡ 1976ರಲ್ಲಿ ತೋರಿಸಿದ ಮೇಲೆ, ಕ್ಯಾನ್ಸರಿನ ಬೀಜ ನಮ್ಮದೇ ಜೀನುಗಳಲ್ಲಿದೆ ಎಂಬ ತಿಳಿವಳಿಕೆ ಬೇರೂರಿತು.

ಮೂರನೆಯದು ಇತ್ತೀಚಿನದು. ಎಕ್ಸ್‌ಎಂಆರ್‌ವಿ ಎಂಬ, ಇಲಿಯ ವೈರಸ್ಸನ್ನು ಹೋಲುವ ವೈರಸ್ಸೊಂದು ಪುರುಷರ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿದೆಯೆಂದು 2006ರಲ್ಲಿ ಪ್ರಕಟವಾಯಿತು. ಮನುಷ್ಯನ ಗೆಡ್ಡೆಯೊಂದನ್ನು 1990ರ ದಶಕದಲ್ಲಿ ಇಲಿಗಳ ಮೈಯಲ್ಲಿ ನಾಟಿ ಬೆಳೆಸುತ್ತಿದ್ದಾಗ, ಇಲಿಯ ಜೀನೋಮಿನಲ್ಲಿ ಅಡಗಿದ್ದ ಎರಡು ವೈರಸ್ ತುಣುಕುಗಳು ಕೂಡಿಕೊಂಡು ಹುಟ್ಟಿದ ಪ್ರಯೋಗಾಲಯದ ಕೂಸು ಅದೆಂಬುದು 2011ರಲ್ಲಿ ಬಯಲಾಯಿತು. ರೋಗಿಗಳ ದೇಹದಲ್ಲಿ ಅದು ಇರಲೇ ಇಲ್ಲ. ಮಾದರಿಗಳಿಗೆ ಬೆರಕೆಯಾಗಿ ಸೇರಿತ್ತು. ಮೂಲ ಪ್ರಬಂಧವನ್ನು 2012ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಹಾಗಾದರೆ ತೀರ್ಪು ಹೇಗೆ ಬರುತ್ತದೆ ಎಂದು ಕೇಳಬಹುದು. ಹೆಪಟೈಟಿಸ್ ಬಿ ವೈರಸ್ಸಿನ ಪ್ರಕರಣವನ್ನು ನೋಡಿ. ತೈವಾನ್‌ನಲ್ಲಿ ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಪುರುಷರ ರಕ್ತವನ್ನು ಮೊದಲೇ ಪರೀಕ್ಷಿಸಿ, ಯಾರ ಮೈಯಲ್ಲಿ ವೈರಸ್ ನೆಲೆಸಿದೆ, ಯಾರಲ್ಲಿ ಇಲ್ಲ ಎಂಬುದನ್ನು ಗುರುತುಹಾಕಿಕೊಂಡು, ವರ್ಷಗಟ್ಟಲೆ ಕಾದರು. 1981ರಲ್ಲಿ ಅವರು ಕೊಟ್ಟ ಲೆಕ್ಕದಂತೆ ವೈರಸ್ ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ 223 ಪಟ್ಟು ಹೆಚ್ಚು. ಸೋಂಕು ಮೊದಲು, ಕ್ಯಾನ್ಸರ್ ಆಮೇಲೆ ಎಂಬ ಕ್ರಮವೂ ಇಲ್ಲಿ ಖಚಿತವಾಯಿತು. ಇದಕ್ಕೆ ಸಮಾನಾಂತರವಾಗಿ, ಅಮೆರಿಕದಲ್ಲಿ ನೆಲದಲ್ಲಿ ಬಿಲ ತೋಡಿ ಬದುಕುವ ವುಡ್‌ಚಕ್ ಎಂಬ ದಂಶಕದಲ್ಲಿ ಇದರ ಹತ್ತಿರದ ಸಂಬಂಧಿಯಾದ ವೈರಸ್ 1978ರಲ್ಲಿ ಸಿಕ್ಕಿತು. ಹುಟ್ಟಿದಾಗಲೇ ಸೋಂಕು ತಗಲಿ ಅದು ನೆಲೆನಿಂತ ವುಡ್‌ಚಕ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಕೆಲವೇ ವರ್ಷಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಬರುತ್ತದೆ. ಕೊನೆಯದಾಗಿ, ಕಾರಣವನ್ನು ತೆಗೆದರೆ ರೋಗ ಇಳಿಯಬೇಕಲ್ಲವೇ? ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು ಹತ್ತೇ ವರ್ಷಗಳಲ್ಲಿ 0.36ಕ್ಕೆ ಇಳಿಯಿತು. ಮನುಷ್ಯರ ಅಧ್ಯಯನ, ಪ್ರಾಣಿಯ ಸಾಕ್ಷ್ಯ, ಲಸಿಕೆಯ ಫಲ ಈ ಮೂರೂ ಒಂದೇ ಕಡೆ ಬೆರಳು ತೋರಿದಾಗ ‘ದೃಢ’ ಎನ್ನಲು ಅಡ್ಡಿಯಿಲ್ಲ.

ತಮ್ಮ ವರದಿಯನ್ನು ಓದಿದ ನನ್ನ ಪರಿಚಯದ ಇಬ್ಬರು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು: ಹಾಗಾದರೆ ಕ್ಯಾನ್ಸರ್ ರೋಗಿಯ ಜೊತೆ ಊಟ ಮಾಡಬಹುದೇ? ಈ ಪ್ರಶ್ನೆಗಾಗಿಯೇ ನಾನು ಪತ್ರ ಬರೆಯಲು ಕುಳಿತೆ ಎಂದರೂ ಸರಿ. ಕೆಲವು ಕ್ಯಾನ್ಸರುಗಳ ಹಿಂದಿರುವ ವೈರಸ್ ಒಬ್ಬರಿಂದೊಬ್ಬರಿಗೆ ಹರಡಬಹುದು, ಕ್ಯಾನ್ಸರ್ ಹಾಗೆ ಹರಡುವುದಿಲ್ಲ. ಊಟ ಮಾಡಬಹುದು, ಪಕ್ಕದಲ್ಲಿ ಮಲಗಬಹುದು, ಆರೈಕೆ ಮಾಡಬಹುದು. ವೈರಸ್ ತಗಲಿದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. 1980ರಲ್ಲಿ ಪತ್ತೆಯಾದ, ವಯಸ್ಕರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರ್ ತರುವ ಎಚ್‌ಟಿಎಲ್‌ವಿ-1 ವೈರಸ್ಸನ್ನು ಹೊತ್ತವರಲ್ಲಿ ಜೀವಮಾನದುದ್ದಕ್ಕೂ ಆ ಕ್ಯಾನ್ಸರಿಗೆ ತುತ್ತಾಗುವವರು ನೂರಕ್ಕೆ ಐದರಷ್ಟು ಮಾತ್ರ, ಅದೂ ದಶಕಗಳ ನಂತರ. ಅದು ಮುಖ್ಯವಾಗಿ ತಾಯಿಯ ಹಾಲಿನ ಮೂಲಕ ಮಗುವಿಗೆ ದಾಟುತ್ತದೆ. 1936ರಲ್ಲಿ ಜಾನ್ ಬಿಟ್ನರ್ ಅವರು ಸ್ತನ ಕ್ಯಾನ್ಸರ್ ಹೆಚ್ಚಾಗಿರುವ ತಳಿಯ ಇಲಿಮರಿಗಳಿಗೆ ಬೇರೆ ತಳಿಯ ತಾಯಿಯ ಹಾಲುಣಿಸಿ ರೋಗವನ್ನು ತಗ್ಗಿಸಿದ ಪ್ರಯೋಗವನ್ನು ಓದಿದವರಿಗೆ, ಜಪಾನಿನ ನಾಗಾಸಾಕಿಯಲ್ಲಿ ಈ ವೈರಸ್ ಇರುವ ತಾಯಂದಿರಿಗೆ ಮೊಲೆಹಾಲಿನ ಬದಲು ಬೇರೆ ಹಾಲು ಕೊಡುವಂತೆ 1987ರಿಂದ ನೀಡಿದ ಸಲಹೆ ಹೊಸದೆನಿಸದು. ಬಿಟ್ನರ್ ತಾವು ಕಂಡದ್ದನ್ನು ವೈರಸ್ ಎಂದು ಕರೆಯಲು ಹಿಂಜರಿದು ‘ಹಾಲಿನ ಪ್ರಭಾವ’ ಎಂದಷ್ಟೇ ಬರೆದರು. ಪತ್ರಕರ್ತರಿಗೆ ಆ ಹಿಂಜರಿಕೆಯಲ್ಲಿ ಕಾಲುಭಾಗ ಇದ್ದರೂ ಸಾಕಿತ್ತು ಎಂದು ಕೆಲವೊಮ್ಮೆ ಅನಿಸುತ್ತದೆ.

ಪ್ರಮಾಣದ ಅರಿವೂ ಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2018ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಕಂಡ ಕ್ಯಾನ್ಸರುಗಳಲ್ಲಿ ಸೋಂಕಿನಿಂದ ಉಂಟಾದವು ಸುಮಾರು 22 ಲಕ್ಷ, ಅಂದರೆ ಶೇ 13. ಅದರಲ್ಲೂ 8.1 ಲಕ್ಷಕ್ಕೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಪ್ಯಾಪಿಲೋಮಾ ವೈರಸ್ಸಿನ ಪಾಲು 6.9 ಲಕ್ಷ, ಹೆಪಟೈಟಿಸ್ ಬಿ ವೈರಸ್ಸಿನದು 3.6 ಲಕ್ಷ. ಬಹುಪಾಲು ಕ್ಯಾನ್ಸರುಗಳಿಗೆ ವೈರಸ್ಸಿನ ಸಂಬಂಧ ಕಂಡುಬಂದಿಲ್ಲ.

ಪ್ರಾಣಿಹಿಂಸೆಯ ಪ್ರಶ್ನೆ ಎತ್ತಿದ ಓದುಗರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಾಣಿಗಳ ಬದಲು ಬೇರೆ ವಿಧಾನ ಬಳಸುವುದು, ಬಳಸಲೇಬೇಕಾದರೆ ಸಂಖ್ಯೆ ಇಳಿಸುವುದು, ನೋವು ತಗ್ಗಿಸುವುದು ಎಂಬ ಮೂರು ನಿಯಮಗಳನ್ನು ರಸೆಲ್ ಮತ್ತು ಬರ್ಚ್ ಮುಂದಿಟ್ಟದ್ದು 1959ರಲ್ಲಿ. ಅವುಗಳ ಪಾಲನೆ ಎಲ್ಲೆಡೆ ತೃಪ್ತಿಕರವಾಗಿದೆಯೆಂದು ನಾನು ಹೇಳಲಾರೆ. ಹೆಪಟೈಟಿಸ್ ಸಿ ವೈರಸ್ಸನ್ನು 1989ರಲ್ಲಿ ಗುರುತಿಸಲು ಚಿಂಪಾಂಜಿಯ ರಕ್ತ ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ಇಂಥ ಸಂಶೋಧನೆಗೆ ನೆರವನ್ನು 2015ರಲ್ಲಿ ಕೊನೆಗೊಳಿಸಿತು. ನನ್ನ ದೃಷ್ಟಿಯಲ್ಲಿ ಎರಡೂ ಆಯಾ ಕಾಲಕ್ಕೆ ಸಮರ್ಥನೀಯ. ಆದರೆ ಈ ಸಂಶೋಧನೆಯಿಂದ ಪ್ರಾಣಿಗಳಿಗೇನು ಸಿಕ್ಕಿತು ಎಂದು ಆ ಓದುಗರು ಕೇಳಿದ್ದಕ್ಕೆ ಉತ್ತರ ನನ್ನ ವೃತ್ತಿಯಲ್ಲೇ ಇದೆ. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದ ಕೋಳಿಗಳ ಮರಣೋತ್ತರ ಪರೀಕ್ಷೆಯನ್ನು ನಾನು ಎಷ್ಟೋ ಬಾರಿ ಮಾಡಿದ್ದೇನೆ: ತೊಡೆಯ ನರ ಊದಿರುತ್ತದೆ, ಯಕೃತ್ತಿನ ತುಂಬ ಬೂದುಬಿಳಿ ಗಂಟುಗಳು. ಇದು ಮರೆಕ್ ರೋಗ. ಇದಕ್ಕೆ ಹರ್ಪಿಸ್ ಜಾತಿಯ ವೈರಸ್ ಕಾರಣವೆಂದು 1967ರಲ್ಲಿ ತಿಳಿದು, ಮೂರು ವರ್ಷಗಳೊಳಗೆ ಲಸಿಕೆ ಬಂತು. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಮನುಷ್ಯನಿಗಿಂತ ಮುಂಚೆ ಕೋಳಿಗೆ ಸಿಕ್ಕಿತು. ಅದು ಗೆಡ್ಡೆಯನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಇದರಿಂದ ಉಗ್ರವಾದ ತಳಿಗಳಿಗೆ ಹಾದಿಯಾಗಿದೆ ಎಂಬ ಕೊರತೆಯೂ ಇದೆ. ಬೆಕ್ಕಿನ ಲ್ಯುಕೇಮಿಯಾ ವೈರಸ್ಸನ್ನು ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ 1964ರಲ್ಲಿ ಗುರುತಿಸಿದ್ದರಿಂದ ಬೆಕ್ಕುಗಳಿಗೆ ರಕ್ತಪರೀಕ್ಷೆಯೂ ಲಸಿಕೆಯೂ ದೊರೆತವು. ಬೆಕ್ಕು ಸಾಕುವವರು ಹೆದರಬೇಕಿಲ್ಲ. ಆ ವೈರಸ್ ಮನುಷ್ಯರಿಗೆ ರೋಗ ತಂದ ಪುರಾವೆ ಇಲ್ಲ.

ಮೇಲಿನ ವರದಿಗೆ ಸಂಬಂಧಿಸಿ ತಮ್ಮ ವಿಜ್ಞಾನ ವರದಿಗಾರರಿಂದ ನಾಲ್ಕು ವಿವರಗಳನ್ನು ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ. ಆ ಇಲಿಗಳು ಬೆಳೆದವೇ, ಹುಟ್ಟಿದ ದಿನದ ಮರಿಗಳೇ? ರೋಗನಿರೋಧಕ ಶಕ್ತಿಯಿಲ್ಲದಂತೆ ರೂಪಿಸಿದ ತಳಿಯವೇ? ವೈರಸ್ ಇಲಿಗೆ ಸಹಜವಾಗಿ ತಗಲುವಂಥದೇ, ಅಥವಾ ಬೇರೆ ಜೀವಿಯಿಂದ ತಂದು ಚುಚ್ಚಿದ್ದೇ? ಮನುಷ್ಯರ ಗೆಡ್ಡೆಗಳಲ್ಲಿ ಅದನ್ನು ಯಾರಾದರೂ ಹುಡುಕಿದ್ದಾರೆಯೇ, ಹುಡುಕಿದ್ದರೆ ಎಷ್ಟು ಮಾದರಿಗಳಲ್ಲಿ ಸಿಕ್ಕಿದೆ? ಮೊದಲ ಮೂರಕ್ಕೆ ಉತ್ತರ ಮೂಲ ಪ್ರಬಂಧದ ವಿಧಾನ ವಿಭಾಗದಲ್ಲಿ ಇದ್ದೇ ಇರುತ್ತದೆ. ನಾಲ್ಕನೆಯದಕ್ಕೆ ‘ಇನ್ನೂ ಇಲ್ಲ’ ಎಂಬ ಉತ್ತರ ಬಂದರೆ, ತಲೆಬರಹದ ಕೊನೆಯ ಪದಕ್ಕೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಹಾಕಿಸಬೇಕೆಂದು ವಿನಂತಿ.

ಇಂತಿ,
ಪಶುವೈದ್ಯಕೀಯ ರೋಗಶಾಸ್ತ್ರದ ನಿವೃತ್ತ ಅಧ್ಯಾಪಕ